ಮಿಲಿಟರಿ ಮಗಳ ಕನ್ನಡ ಪರೀಕ್ಷೆ

ಮಿಲಿಟರಿಯವನನ್ನು ಮದುವೆಯಾದರೆ ಸಾಮಾನು ಕಟ್ಟುವುದು, ಬಿಚ್ಚುವುದು, ಮಗುವಿಗೆ ಶಾಲೆ ಹುಡುಕುವುದು ಮುಗಿಯುವುದೇ ಇಲ್ಲ. ಪ್ರತಿ ಸಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಈ ಸಲ ಗಂಡನನ್ನು ಹಾಕಿದ್ದು ಹೆಂಡತಿ ಮಕ್ಕಳು ಹೋಗುವಂತಿಲ್ಲದ ಗಡಿಗೆ. ನಾನು ಹಿಂದಿಯಲ್ಲೇ ಬೆಳೆದ ಮಗಳನ್ನು ಕಟ್ಟಿಕೊಂಡು ಕಾಪುವಿಗೆ, ಅತ್ತೆಯ ಮನೆಗೆ ಬಂದೆ.

ಪೋಸ್ಟಿಂಗ್

ಮೊದಲು ಉಡುಪಿಯ ಒಂದು ದೊಡ್ಡ ಶಾಲೆಗೆ ಹೋದೆವು. ಆಫೀಸಿನವರು ತಲೆ ಎತ್ತದೆ ಕೇಳಿದರು, "ವರ್ಷದ ನಡುವೆ ಯಾಕೆ ಬಂದದ್ದು?"

"ಗಂಡನಿಗೆ ಗಡಿಯಲ್ಲಿ ಪೋಸ್ಟಿಂಗ್ ಆಯಿತು."

"ಅಲ್ಲಿಯೂ ಪೋಸ್ಟಾಫೀಸು ಉಂಟಾ?"

"ಉಂಟು. ಕಾಗದ ಅಲ್ಲ, ಗುಂಡು ಬಟವಾಡೆ" ಎಂದೆ. ಸೀಟು ಸಿಗಲಿಲ್ಲ.

ಬಡ್ತಿ

ಕಾಪುವಿನ ಶಾಲೆಯ ಹೆಡ್ ಟೀಚರ್ ಒಳ್ಳೆಯವರು. "ಸೈನಿಕರ ಮಕ್ಕಳಿಗೆ ವರ್ಷದ ನಡುವೆಯೂ ಜಾಗ ಕೊಡುತ್ತೇವೆ. ಕನ್ನಡ ಬರೆಯುವ ಪರೀಕ್ಷೆಯೂ ಈ ವರ್ಷ ಬೇಡ, ಬಾಯಿಮಾತಿನದ್ದು ಸಾಕು. ಅದೂ ಆಗದಿದ್ದರೆ ಮಾತ್ರ ಮೂರನೇ ಕ್ಲಾಸಿನ ಬದಲು ಎರಡನೆಯದರಲ್ಲಿ ಕೂರಿಸಬೇಕು" ಎಂದರು.

ಹಿಂದಿನ ಸಲ ಊರು ಬದಲಾದಾಗಲೂ ಅವಳಿಗೆ ಹೀಗೇ ಒಂದು ವರ್ಷ ಹೋಗಿತ್ತು.

ಆ ಸಂಜೆ ಗಂಡನ ಫೋನು ಬಂತು. ಹವಾಲ್ದಾರನಾದೆ ಎಂದು ಖುಷಿಯಲ್ಲಿದ್ದರು. ಮಗಳು ಫೋನು ಕಸಿದುಕೊಂಡು ಹಿಂದಿಯಲ್ಲಿ, "ಪಪ್ಪಾ, ನಿನಗೆ ಪ್ರಮೋಷನ್, ನನಗೆ ಡಿಮೋಷನ್" ಎಂದಳು. ಅವರು ನಕ್ಕರು. ಆ ನಗು ಮುಗಿಯುವ ಮೊದಲೇ ಲೈನ್ ಕಟ್ಟಾಯಿತು. ನಾನು ಅವಳ ಕೈಯಿಂದ ಫೋನು ತೆಗೆದುಕೊಂಡು ಕಿವಿಗೆ ಹಿಡಿದು ನಿಂತೇ ಇದ್ದೆ.

"ಈಗ ಮಾತಾಡುವುದು ಯಾರು, ಫೋನು ಕಂಪನಿಯವರಾ?" ಎಂದರು ಅತ್ತೆ.

ಅಪ್ಪ ಎಲ್ಲಿ?

ನಾನು ದಿನಾ ಕಟಪಾಡಿಗೆ ಹೊಲಿಗೆ ಕೆಲಸಕ್ಕೆ ಹೋಗುವವಳು. "ಇವಳಿಗೆ ಇಲ್ಲಿಯ ಭಾಷೆ ಸ್ವಲ್ಪ ಕಲಿಸಿ" ಎಂದು ಅತ್ತೆಗೆ ಹೇಳಿದ್ದೆ. ಅವರೂ ಮನಸ್ಸಿಟ್ಟು ಕಲಿಸಿದರು.

ಪರೀಕ್ಷೆಯ ದಿನ ಮಗಳು ಒಳಗೆ, ನಾನು ಜಗಲಿಯ ಬೆಂಚಿನಲ್ಲಿ. ಪರೀಕ್ಷೆ ಮಾಡುವ ಟೀಚರ್ ಘಟ್ಟದ ಮೇಲಿನವರು, ಹೊಸಬರು. ಸ್ವಲ್ಪ ಹೊತ್ತಿನಲ್ಲಿ ಹೊರಗೆ ಬಂದು, "ಅಪ್ಪ ಬಂದಿದ್ದಾರಂತಲ್ಲ, ಒಳಗೆ ಕರೆಯಿರಿ" ಎಂದರು.

ನಾನು ಎದ್ದೇ ಬಿಟ್ಟೆ. ಗಂಡ ಹೇಳದೆ ರಜೆಯಲ್ಲಿ ಬರುವುದುಂಟು. ಕೂದಲು ಸರಿ ಮಾಡಿಕೊಂಡು ಗೇಟಿನವರೆಗೆ ನೋಡಿದೆ. ಒಂದು ನಾಯಿ ಮಲಗಿತ್ತು.

"ಯಾರು ಹೇಳಿದ್ದು?" ಎಂದೆ.

ಮಗಳು ಬಾಗಿಲಲ್ಲಿ ನಿಂತು ನನ್ನ ಕಡೆಗೆ ಬೆರಳು ತೋರಿಸಿದಳು. "ಅಪ್ಪೆ ಇಲ್ಲೇ ಉಂಟಲ್ಲ!"

ಆಗ ಹೊಳೆಯಿತು. ಅತ್ತೆ ಕಲಿಸಿದ್ದು ತುಳು ಬೆರೆಸಿದ ಕನ್ನಡ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ನಮ್ಮನ್ನು ಹುಟ್ಟಿನಿಂದ ಮಮ್ಮಿ, ಪಪ್ಪಾ ಎಂದವಳಿಗೆ ಕನ್ನಡದ ಅಪ್ಪ ಅಮ್ಮ ಎಲ್ಲಿ ಗೊತ್ತು?

ನಾನು ಬಾಯಿ ತೆರೆಯುವ ಮೊದಲೇ ಟೀಚರ್ ಕೇಳಿದರು, "ಹಾಗಾದರೆ ನಿನ್ನ ಅಮ್ಮ ಎಲ್ಲಿ?"

"ಅಮ್ಮ ಬಾರ್ಡರಿನಲ್ಲಿ ಉಂಟು ಟೀಚರ್. ದೊಡ್ಡ ಮೀಸೆ ಉಂಟು."

ನಾನು ಎಲ್ಲ ಬಿಡಿಸಿ ಹೇಳಿದೆ. ಟೀಚರ್ ಬಾಗಿಲು ಹಿಡಿದುಕೊಂಡು ನಕ್ಕು, ಕಣ್ಣು ಒರೆಸಿಕೊಂಡರು. "ಮೀಸೆ ಕನ್ನಡವೇ ಅಲ್ವಾ? ಮೂರನೇ ಕ್ಲಾಸಿಗೆ ಹೋಗಲಿ."