ವಾವ್ರಾ ಮೇಷ್ಟರ ಟ್ಯಾಬ್ಲೆಟ್ ಪಾಠ

ಕಾಟನ್‌ವುಡ್ ಬೆಂಡ್ ಶಾಲೆಯ ಇಂಟರ್ನೆಟ್ ಪ್ರಾಣ ಬಿಟ್ಟದ್ದು ಪಾಪ್‌ಕಾರ್ನಿನಿಂದ.

ಆ ಶುಕ್ರವಾರ ಸಂಜೆ ಫುಟ್‌ಬಾಲ್ ಪಂದ್ಯವಿತ್ತು. ಶಾಲಾ ಮಂಡಳಿ ಆಟದ ಬಜೆಟ್ಟಿಗೆ ಕತ್ತರಿ ಹಾಕಿದ ಮೇಲೆ ಹುಡುಗರ ಜೆರ್ಸಿಗಳು ಬರುತ್ತಿದ್ದದ್ದು ಪಾಪ್‌ಕಾರ್ನ್ ಮಾರಾಟದಿಂದಲೇ. ಕೋಚ್ ಬಡ್ ಹ್ರುಸ್ಕಾ ಬೆಳಿಗ್ಗೆಯೇ ಯಂತ್ರವನ್ನು ಪರೀಕ್ಷಿಸಲು ಹೊರಟ. ಖಾಲಿ ಪ್ಲಗ್ ಪಾಯಿಂಟ್ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ. ಇಡೀ ಶಾಲೆಯ ಇಂಟರ್ನೆಟ್ ಪೆಟ್ಟಿಗೆ ಕೂತಿದ್ದದ್ದೂ ಅಲ್ಲೇ. ‘ಫಟ್’ ಅಂತ ಒಂದು ಸದ್ದಾಯಿತು. ಜೋಳ ಅರಳಿತು, ಪೆಟ್ಟಿಗೆ ಕರಟಿತು.

ಸುದ್ದಿ ಮೊದಲು ಮುಟ್ಟಿದ್ದು ಎಲ್ಡನ್ ವಾವ್ರಾನಿಗೆ. ಅವನು ಐದನೇ ತರಗತಿಗೆ ಗಣಿತ ಹೇಳುವ ಮೇಷ್ಟ್ರು. ಮಂಡಳಿ ಖರ್ಚು ಉಳಿಸಲು ಇದ್ದೊಬ್ಬ ಟೆಕ್ನಿಷಿಯನ್ನನ್ನು ಮನೆಗೆ ಕಳಿಸಿದ ವಾರದಲ್ಲೇ ಸೂಪರಿಂಟೆಂಡೆಂಟ್ ಡಾಕ್ಟರ್ ಪೋಲ್ ಅವರ ಪ್ರಿಂಟರ್ ನಿಂತುಹೋಗಿತ್ತು. ಆ ಕಡೆ ಹೋಗುತ್ತಿದ್ದ ವಾವ್ರಾ ಅದಕ್ಕೆ ಕಾಗದ ಹಾಕಿದ. ಅಷ್ಟೇ ಅವನು ಮಾಡಿದ ತಪ್ಪು. ಮರುದಿನದಿಂದ ಅವನೇ ಆ ಶಾಲಾ ಜಿಲ್ಲೆಯ ಮೂರೂ ಶಾಲೆಗಳ ತಂತ್ರಜ್ಞಾನದ ಮುಖ್ಯಸ್ಥ. ಸಂಬಳ ಮಾತ್ರ ಹಳೆಯದೇ.

“ಇವತ್ತೇ ಆಗ್ಬೇಕಿತ್ತಾ?” ಎಂದು ವಾವ್ರಾ ತಲೆ ಹಿಡಿದುಕೊಂಡ.

ಅವತ್ತು ಮಂಡಳಿಯ ಅಧ್ಯಕ್ಷೆ ವರ್ಲಾ ನೀಮಾಯರ್ ಅವನ ತರಗತಿ ನೋಡಲು ಬರುವವರಿದ್ದರು. ಮಾದರಿಗೆಂದು ಬಂದಿದ್ದ ಟ್ಯಾಬ್ಲೆಟ್‌ಗಳು ಅವರಿಗೆ ಒಪ್ಪಿಗೆಯಾದರೆ ಜಿಲ್ಲೆಯ ಎಲ್ಲ ಮಕ್ಕಳಿಗೂ ಪುಸ್ತಕದ ಬದಲು ಅವೇ. ಡಾಕ್ಟರ್ ಪೋಲ್ ಹಿಂದಿನ ದಿನವೇ ಬಂದು ಹೇಳಿಹೋಗಿದ್ದರು. “ಎಲ್ಡನ್, ನಾಳೆ ಚೆನ್ನಾಗಿ ಆದ್ರೆ ನಿಜವಾದ ಟೆಕ್ನಿಷಿಯನ್ ಬರ್ತಾನೆ, ನೀವು ಆರಾಮಾಗಿ ಗಣಿತ ಹೇಳ್ಕೊಂಡಿರಿ. ಕೆಟ್ಟುಹೋದ್ರೆ ಆ ಗಣಿತದ ಹುದ್ದೆನೂ ಬೇಕಾ ಅಂತ ನೋಡ್ಬೇಕಾಗತ್ತೆ.”

ವಾವ್ರಾ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದ. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬಾಕೆ ಜೇನು ಸುರಿದಂಥ ದನಿಯಲ್ಲಿ, ಓಮಾಹಾದಿಂದ ಮಂಗಳವಾರ ಜನ ಬರ್ತಾರೆ, ಅಲ್ಲಿವರೆಗೆ ಏನಾದರೂ ತೊಂದರೆಯಾದರೆ ನಮ್ಮ ವೆಬ್‌ಸೈಟ್ ನೋಡಿ ಎಂದಳು.

“ಆಫ್ ಮಾಡಿ ಆನ್ ಮಾಡಿದ್ಯಾ?” ಕಚೇರಿಯ ಲೊರೆಟ್ಟಾ ಕೇಳಿದಳು. ಹಲ್ಲುನೋವಿಗೂ ಅವಳದು ಅದೇ ಮದ್ದು.

“ಸುಟ್ಟು ಹೋಗಿದೆ ಲೊರೆಟ್ಟಾ. ಹೊಗೆ ಬರ್ತಿದೆ.”

“ಆದ್ರೂ ಒಂದ್ಸಲ ಮಾಡಿ ನೋಡು. ತಡಿ, ನಾನೊಂದು ಸಹಾಯ ಮಾಡ್ತೀನಿ.” ಅವಳು ಮೈಕ್ ಎಳೆದುಕೊಂಡಳು. ಇಡೀ ಶಾಲೆಗೆ ಕೇಳಿಸಿತು: “ಎಲ್ಲರ ಗಮನಕ್ಕೆ! ಇಂಟರ್ನೆಟ್ ಸತ್ತಿದೆ. ಅಧ್ಯಕ್ಷರಿಗೆ ಗೊತ್ತಾಗಬಾರದು. ಯಾರ ಫೋನಲ್ಲಾದ್ರೂ ಇಂಟರ್ನೆಟ್ ಇದ್ರೆ ದಯವಿಟ್ಟು ವಾವ್ರಾ ಅವರಿಗೆ ಕೊಡಿ!”

ಮೊದಲು ಓಡಿಬಂದವನು ಬಡ್. ತಪ್ಪಿತಸ್ಥನ ಮುಖ, ಕೈಯಲ್ಲಿ ಬೆಣ್ಣೆ ಮೆತ್ತಿದ ಫೋನ್. “ತಗೋ ಮಾರಾಯ, ಎಷ್ಟು ಬೇಕೋ ಅಷ್ಟು ಎಳ್ಕೋ. ನನ್ನ ಹೆಂಡ್ತಿ ಮೆಸೇಜ್ ಬಂದ್ರೆ ಮಾತ್ರ ಓದ್ಬೇಡ.”

ತರಗತಿಯ ಟ್ಯಾಬ್ಲೆಟ್‌ಗಳೆಲ್ಲ ಆ ಒಂದೇ ಫೋನಿಗೆ ನೇತುಬಿದ್ದವು, ಒಂದೇ ಹಂದಿಗೆ ಹನ್ನೆರಡು ಮರಿ ಮುಗಿಬಿದ್ದ ಹಾಗೆ. ಕ್ಷಣದಲ್ಲೇ ಫೋನು ಕಾದ ಕಾವಲಿಯಾಯಿತು. ಟ್ಯಾಬ್ಲೆಟ್‌ಗಳಿಗೋ, ಹಸಿದವನಿಗೆ ಊಟ ಸಿಕ್ಕ ಹುರುಪು. ಗಣಿತವನ್ನು ಅಲ್ಲೇ ಬಿಟ್ಟು ಎಲ್ಲವೂ ಒಟ್ಟಿಗೆ “ಹೊಸ ಆವೃತ್ತಿಗೆ ಬದಲಾಗುತ್ತಿದೆ, ಆಫ್ ಮಾಡಬೇಡಿ” ಎಂದವು. ಅಷ್ಟರಲ್ಲಿ ಬಡ್‌ನ ಫೋನು ಆಫ್ ಆಯಿತು. ಬದಲಾವಣೆ ಅರ್ಧಕ್ಕೇ ನಿಂತು ಟ್ಯಾಬ್ಲೆಟ್‌ಗಳ ಮುಖ ಒಂದೊಂದಾಗಿ ಕಪ್ಪಿಟ್ಟಿತು. ಆಮೇಲೆ ಒತ್ತಿದರೂ ತಟ್ಟಿದರೂ ಬೇಡಿಕೊಂಡರೂ ಕಣ್ಣು ಬಿಡಲಿಲ್ಲ.

“ಮಿಸ್ಟರ್ ವಾವ್ರಾ, ಇದು ಸತ್ತೋಯ್ತಾ?” ಮೊದಲ ಬೆಂಚಿನ ಜೋಸಿ ಕೇಳಿದಳು.

ವಾವ್ರಾ ಉತ್ತರಿಸುವ ಮೊದಲೇ ಕಾರಿಡಾರಿನಲ್ಲಿ ಡಾಕ್ಟರ್ ಪೋಲ್ ಅವರ ಹೀಲ್ಸ್ ಸದ್ದು ಕೇಳಿಸಿತು. ಅವನ ಕಣ್ಣಿಗೆ ಬಿದ್ದದ್ದು ಕಿಟಕಿ ಕಟ್ಟೆಯ ಮೇಲಿದ್ದ ಡಬ್ಬಿ. ಪಂದ್ಯದ ದಿನ ಮಕ್ಕಳು ಶಾಲೆಯ ಗಾಜಿನ ಮೇಲೆಲ್ಲ “ಗೆದ್ದು ಬನ್ನಿ” ಎಂದು ಬರೆಯುತ್ತಿದ್ದ ಬಿಳಿ ಪೆನ್ನುಗಳು. ಕಪ್ಪು ಗಾಜು, ಬಿಳಿ ಪೆನ್ನು. ಯೋಚಿಸಲು ಹೊತ್ತಿರಲಿಲ್ಲ.

“ಒಬ್ಬೊಬ್ರೂ ಒಂದೊಂದು ತಗೊಳ್ಳಿ! ಟ್ಯಾಬ್ಲೆಟ್ ಮೇಲೇ ಬರೀರಿ! ಮುಕ್ಕಾಲಿಗೆ ಎರಡು ಪಂಚಮಾಂಶ ಕೂಡಿಸಿ! ತಲೆ ಎತ್ತಬೇಡಿ!”

ಮಕ್ಕಳಿಗೆ ಹಬ್ಬ. ಮನೆಯಲ್ಲಿ ಮಾಡಿದರೆ ಬೈಗುಳ ತಿನ್ನುವ ಕೆಲಸವನ್ನು ಮೇಷ್ಟ್ರೇ ಮಾಡಿ ಅನ್ನುತ್ತಿದ್ದಾರೆ! ಬಾಗಿಲು ತೆರೆದು ಒಳಗೆ ಬಂದ ಡಾಕ್ಟರ್ ಪೋಲ್, ವರ್ಲಾ, ಟ್ಯಾಬ್ಲೆಟ್ ಕಂಪನಿಯ ಟ್ರೆಂಟ್ ಮೂವರಿಗೂ ಕಂಡದ್ದು ಬಗ್ಗಿದ ತಲೆಗಳು ಮಾತ್ರ. ಯಾರೂ ಕದ್ದು ಆಟ ಆಡುತ್ತಿಲ್ಲ, ಯಾರೂ ವಿಡಿಯೋ ನೋಡುತ್ತಿಲ್ಲ.

“ಎಂಥಾ ಏಕಾಗ್ರತೆ!” ಡಾಕ್ಟರ್ ಪೋಲ್ ಎದೆಯ ಮೇಲೆ ಕೈಯಿಟ್ಟುಕೊಂಡರು.

ವರ್ಲಾ ಅಂದರೆ ಗಂಡ ಸತ್ತ ಮೇಲೆ ಒಬ್ಬಳೇ ಹಂದಿ ಸಾಕಿ, ಸಂತೆಯಲ್ಲಿ ಎಂಥ ದಲ್ಲಾಳಿಯ ಬೆವರನ್ನೂ ಇಳಿಸಿ ಬಂದ ಹೆಂಗಸು. ನೆಟ್ಟಗೆ ಜೋಸಿಯ ಬಳಿ ಹೋಗಿ ನಿಂತರು.

“ತಪ್ಪು ಬರೆದ್ರೆ ಏನ್ಮಾಡ್ತೀಯಾ ಪುಟ್ಟಿ?”

ಜೋಸಿ ಹೆಬ್ಬೆರಳಿಗೆ ಉಗುಳು ಮುಟ್ಟಿಸಿ ಛೇದವನ್ನು ಒರೆಸಿ ತೋರಿಸಿದಳು.

ವಾವ್ರಾ ಕಣ್ಣು ಮುಚ್ಚಿಕೊಂಡ. ಟ್ರೆಂಟ್ ಬಿಳಿಚಿಕೊಂಡ. ಆದರೆ ಅವನು ಮಾರಾಟದವನು; ಬಣ್ಣ ಹೋದಷ್ಟೇ ಬೇಗ ವಾಪಸ್ ಬಂತು. “ನೋಡಿದ್ರಾ! ಬೆರಳಲ್ಲೇ ಅಳಿಸೋದು. ನಮ್ಮ ಹೊಸ ಸೌಲಭ್ಯ!”

“ಅದ್ಭುತ,” ಎಂದರು ಡಾಕ್ಟರ್ ಪೋಲ್. ಅರ್ಥವಾಗದ್ದನ್ನೆಲ್ಲ ಅದ್ಭುತ ಅಂದೇ ಅವರು ಇಲ್ಲಿಯವರೆಗೆ ಏರಿ ಬಂದಿದ್ದರು.

“ಇದಕ್ಕೆ ಇಂಟರ್ನೆಟ್ ಬೇಕಾ?” ವರ್ಲಾ ಕೇಳಿದರು.

“ಬೇಡವೇ ಬೇಡ!” ಟ್ರೆಂಟ್ ತಟ್ಟನೆ ಅಂದ.

“ಚಾರ್ಜು?”

ಟ್ರೆಂಟ್ ವಾವ್ರಾನ ಮುಖ ನೋಡಿದ. ವಾವ್ರಾ ನೆಲ ನೋಡಿದ. “ಇವತ್ತಂತೂ... ಬೇಕಾಗಿಲ್ಲ,” ಎಂದ ಟ್ರೆಂಟ್.

“ಸರಿ,” ಎಂದು ವರ್ಲಾ ಹೊರಟರು. ಡಾಕ್ಟರ್ ಪೋಲ್ ಹಿಂದಿನಿಂದ ವಾವ್ರಾನಿಗೆ ಹೆಬ್ಬೆರಳು ಎತ್ತಿ ತೋರಿಸಿದರು. ಲೊರೆಟ್ಟಾ ಬಂದು, “ನಾನು ಮೈಕಲ್ಲಿ ಹೇಳಿದ್ದಕ್ಕೇ ಎಲ್ಲ ಸರಿಹೋಯ್ತು,” ಎಂದಳು. ವಾವ್ರಾ ಅದನ್ನೂ ಒಪ್ಪಿಕೊಂಡ. ಅವನ ಮನಸ್ಸಿನ ತುಂಬ ಬರಲಿರುವ ಟೆಕ್ನಿಷಿಯನ್ ಕುಳಿತಿದ್ದ.

ಸಂಜೆ ಪಂದ್ಯಕ್ಕೆ ಮೊದಲು ಲೈಬ್ರರಿಯಲ್ಲಿ ಮಂಡಳಿಯ ಸಭೆ ಸೇರಿತು. ವರ್ಲಾ ಎದ್ದು ನಿಂತರು.

“ನಮ್ಮ ಅಜ್ಜಿ ಹತ್ರ ಇಂಥದ್ದೇ ಒಂದಿತ್ತು. ಮರದ ಚೌಕಟ್ಟು ಹಾಕಿದ್ರು. ಸ್ಲೇಟು ಅಂತಿದ್ರು.”

ಟ್ರೆಂಟ್ ಬ್ಯಾಗ್ ಎತ್ತಿಕೊಂಡು ಎದ್ದ.

“ಕೂತ್ಕೊಳಪ್ಪಾ, ಓಡಿಹೋಗ್ಬೇಡ. ನಾನು ತಗೊಳ್ಳಲ್ಲ ಅಂದ್ನಾ? ಮಕ್ಕಳು ಇಷ್ಟು ಸುಮ್ಮನೆ ಕೂತು ಲೆಕ್ಕ ಮಾಡಿದ್ದನ್ನ ನಾನು ಈ ಊರಲ್ಲಿ ನೋಡೇ ಇಲ್ಲ. ಜಿಲ್ಲೆಗೆಲ್ಲ ತಗೊಳ್ಳೋಣ. ಆದ್ರೆ ಇಂಟರ್ನೆಟ್ ಬೇಡ, ಚಾರ್ಜೂ ಬೇಡ ಅಂತ ನೀನೇ ಹೇಳ್ದೆ. ಅಂದ್ಮೇಲೆ ಆನ್ ಆಗೋದು ಯಾಕೆ ಬೇಕು? ನಿಮ್ಮ ಗೋದಾಮಲ್ಲಿ ಕೆಟ್ಟು ಬಿದ್ದಿರೋದು ಎಷ್ಟಿವೆಯೋ ಅಷ್ಟೂ ಕಳಿಸು. ಗುಜರಿ ರೇಟು.”

ಕೆಟ್ಟ ಮಾಲು ಹೋಗುವ ಸಂತೋಷ, ದರ ಕೇಳಿದ ದುಃಖ ಎರಡೂ ಟ್ರೆಂಟ್‌ನ ಮುಖದಲ್ಲಿ ಜಗಳವಾಡಿದವು. ಕೊನೆಗೆ ತಲೆಯಾಡಿಸಿದ.

“ಇಂಟರ್ನೆಟ್ ರದ್ದು,” ವರ್ಲಾ ಮುಂದುವರಿಸಿದರು. “ಟೆಕ್ನಿಷಿಯನ್ ಹುದ್ದೆ ರದ್ದು. ಆನ್ ಆಗದೇ ಇರೋದನ್ನ ರಿಪೇರಿ ಮಾಡೋಕೆ ಟೆಕ್ನಿಷಿಯನ್ ಯಾಕೆ? ಇದನ್ನೆಲ್ಲ ನೋಡ್ಕೊಳ್ಳೋಕೆ ವಾವ್ರಾಗಿಂತ ಅನುಭವಸ್ಥರು ಯಾರಿದ್ದಾರೆ?”

ಎಲ್ಲ ಕೈಗಳೂ ಮೇಲೆದ್ದವು. ಡಾಕ್ಟರ್ ಪೋಲ್ “ಅದ್ಭುತ” ಎಂದರು. ಬಡ್ ಬಂದು ಗೆಳೆಯನ ಬೆನ್ನು ತಟ್ಟಿ ಒಂದು ಪೊಟ್ಟಣ ಪಾಪ್‌ಕಾರ್ನ್ ಕೊಟ್ಟ.

ಕೆಲವು ದಿನಗಳಲ್ಲೇ ಕೆಟ್ಟ ಟ್ಯಾಬ್ಲೆಟ್‌ಗಳು ಲಾರಿಯಲ್ಲಿ ಬಂದವು. ಹಂಚಿ ಮುಗಿಸಿ ವಾವ್ರಾ ಸಮಾಧಾನದಿಂದ ಕಾಫಿ ಕಪ್ಪು ಎತ್ತಿದ್ದ. ಏನೇ ಇರಲಿ, ಸತ್ತ ಯಂತ್ರಕ್ಕೆ ದೂರು ಬರುವುದಿಲ್ಲವಲ್ಲ! ಅಷ್ಟರಲ್ಲಿ ಎರಡನೇ ತರಗತಿಯ ಟೀಚರ್ ಏದುಸಿರು ಬಿಡುತ್ತ ಓಡಿಬಂದಳು.

“ಮಿಸ್ಟರ್ ವಾವ್ರಾ, ಬೇಗ ಬನ್ನಿ! ನನ್ನ ಕ್ಲಾಸಲ್ಲಿ ಒಂದು ಟ್ಯಾಬ್ಲೆಟ್ ಇದ್ದಕ್ಕಿದ್ದ ಹಾಗೆ ಆನ್ ಆಗ್ಬಿಟ್ಟಿದೆ. ಹುಡುಗರೆಲ್ಲ ಲೆಕ್ಕ ಬಿಟ್ಟು ಅದರ ಸುತ್ತ ನಿಂತಿದ್ದಾರೆ. ಸ್ವಲ್ಪ ಬಂದು ಕೆಡಿಸಿಕೊಡ್ತೀರಾ?”