ಕೌದಿ ಒಣಗುವ ಚಿತ್ರಶಾಲೆಗಳು

ಚನ್ನಗಿರಿಯಿಂದ ಜಗಳೂರಿನವರೆಗೆ ಎಷ್ಟು ಆರ್ಟ್ ಗ್ಯಾಲರಿಗಳಿವೆ? ಎಪ್ಪತ್ತರ ದಶಕದ ಕೊನೆಯಲ್ಲಿ, ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ ನನ್ನನ್ನು ಕೇಳಿದ್ದರೆ ಒಂದೂ ಇಲ್ಲ ಅನ್ನುತ್ತಿದ್ದೆ. ನನ್ನ ಚಿಕ್ಕಮ್ಮನ ಮಗನನ್ನು ಕೇಳಿದ್ದರೆ, ಮನೆಗೊಂದು!

ಅವನು ಜವಳಿ ಡಿಪ್ಲೊಮಾ ವಿದ್ಯಾರ್ಥಿ. ಕೊನೆಯ ವರ್ಷ ಸ್ವಂತದ್ದೊಂದು ವಿನ್ಯಾಸ ಒಪ್ಪಿಸಬೇಕು. ಆಗಲೇ ಒಮ್ಮೆ ನಪಾಸಾಗಿದ್ದ. "ಈ ಸಲಾನೂ ಹೋದ್ರೆ ಓದಿದ್ದು ಸಾಕು, ಗಿರಣಿಗೆ ಬಂದು ಹಿಟ್ಟು ಬೀಸು" ಎಂದು ಅವರಪ್ಪ ತೀರ್ಪು ಕೊಟ್ಟಾಗಿತ್ತು. "ಊರ ಕಡೆಯ ಚಿತ್ರಶಾಲೆ ನೋಡಿ ಸ್ಫೂರ್ತಿ ಪಡಿ" ಎಂದರು ಮೇಷ್ಟ್ರು. ಇವನು ಹಿತ್ತಲುಗಳಿಗೆ ಹೊರಟ! ಮಹಾನವಮಿಗೆ ಮುಂಚೆ, ಹಳೇ ಸೀರೆ ತುಂಡು ಜೋಡಿಸಿ ಹೊಲಿದ ಮನೆಮನೆಯ ಕೌದಿಗಳು ಹಳ್ಳದಲ್ಲಿ ಒಗೆಸಿಕೊಂಡು ಬೇಲಿ ಮೇಲೆ ಬೀಳುತ್ತವಲ್ಲ, ಅದೇ ಅವನ ಪ್ರದರ್ಶನ. ತಾಯಿಯಿಲ್ಲದ ಹುಡುಗನೆಂದು ನಮ್ಮ ಮನೆಯಲ್ಲಿ ಯಾರೂ ಬೈಯುತ್ತಿರಲಿಲ್ಲ. ಬೈಕ್ ಇದ್ದ ತಪ್ಪಿಗೆ ನಾನು ಸಾರಥಿ.

ತ್ಯಾವಣಿಗೆಯಲ್ಲಿ ಕೈ ಹಿಂದೆ ಕಟ್ಟಿ, ಕತ್ತು ಓರೆ ಮಾಡಿ ಒಂದು ಕೌದಿ ನೋಡಿದ. ಪೂರ್ತಿ ನೋಟಕ್ಕೆಂದು ಹಿಂದಕ್ಕೆ ಸರಿದ. ಇನ್ನೂ ಸರಿದ. ತಿಪ್ಪೆಗೆ ಬಿದ್ದ!

"ಏನ್ ಕದಿಯಾಕೆ ಬಂದೀಯೋ?" ಮನೆಯಾಕೆ ಪೊರಕೆ ಹಿಡಿದು ಬಂದಳು.

"ನೋಡಾಕೆ ಬಂದೆ ಅಕ್ಕಾ."

"ನನ್ ಮೊಮ್ಮಗ ಉಚ್ಚೆ ಹೊಯ್ದ ಕೌದಿ ಐತದು. ಅದ್ರಾಗೇನ್ ನೋಡ್ತೀಯಾ?"

ಸವಳಂಗದಲ್ಲಿ ಇನ್ನೂ ವಿಪರೀತ. "ನೋಡಾಕೆ ಬಂದೀವಿ" ಎಂದದ್ದೇ ತಡ, ಚಾಪೆ ಹಾಸಿದರು, ಉಪ್ಪಿಟ್ಟು ಕೊಟ್ಟರು, ಹೂ ಮುಡಿದ ಹುಡುಗಿ ಬಂದು ನಿಂತಳು. "ಕೇಳ್ರಿ, ಏನಾದ್ರೂ ಕೇಳೋದಿದ್ರೆ" ಎಂದರು ಹಿರಿಯರು. ಇವನು ಕೇಳಿದ: "ಕೌದಿ ತೋರಿಸ್ತೀರಾ?" ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಓಡಿದೆವು.

ಎಲ್ಲಿ ಹೋದರೂ ಮೊದಲು ಹಸಿರು ತುಂಡುಗಳನ್ನು ಮಗುಚಿ, ಅಂಚು ನೋಡುತ್ತಿದ್ದ. ಕಲಾವಿದರ ಖಯಾಲಿ ಅಂದುಕೊಂಡೆ. ಹೊನ್ನಾಳಿ, ನ್ಯಾಮತಿ ಮುಗಿದವು. ಬಿಳಿಚೋಡಿನ ಕೊನೆಯ ಬೇಲಿಯ ಹತ್ತಿರ ಕುಕ್ಕರಿಸಿ ಕೂತುಬಿಟ್ಟ.

"ಇಲ್ಲೂ ಇಲ್ಲ ಕಣಣ್ಣ."

"ಏನೋ ಅದು?"

"ಸ್ಫೂರ್ತಿ" ಎಂದ, ಮುಖ ತಿರುಗಿಸಿ.

ಕಡೆಗೆ ಹಾಳೆಯ ಮೇಲೆ ಒಂದು ಕೌದಿಯ ಚಿತ್ರವನ್ನೇ ಬರೆದು ಒಪ್ಪಿಸಿದ. ನಡುವೆ ಹಸಿರು ಚೌಕ, ಅದರ ಅಂಚು ಮಾತ್ರ ಖಾಲಿ. 'ಅಪೂರ್ಣ' ಎಂದು ಕೆಂಪು ಶಾಯಿಯಲ್ಲಿ ಬರೆಸಿಕೊಂಡು ಹಾಳೆ ವಾಪಸ್ ಬಂತು. ಗಿರಣಿಗೆ ಹೋಗುವ ಮುಂಚೆ ಅದನ್ನು ನಮ್ಮ ಮನೆಗೆ ತಂದ.

"ಅಂಚು ಯಾಕೋ ಬಿಟ್ಟೆ?" ನಮ್ಮವ್ವ ಕೇಳಿದಳು.

"ನೆನಪಿಲ್ಲ ದೊಡ್ಡವ್ವ. ನಮ್ಮವ್ವನ ಹಸಿರು ಸೀರೇದು ಅದು. ಅವಳು ಹೋದಾಗ ಸೀರೆಗಳನ್ನೆಲ್ಲ ಊರೂರು ತಿರುಗೋ ಕೌದಿ ಹೊಲಿಯೋರಿಗೆ ಕೊಟ್ರಂತಲ್ಲ? ಎಲ್ಲಾದ್ರೂ ಒಂದು ತುಂಡು ಸಿಕ್ಕೀತು ಅಂತ..."

ಸೀರೆ ಕೊಟ್ಟವಳು ನನ್ನ ಅವ್ವನೇ. ತಂಗಿಯ ಹೆಸರೆತ್ತಿದರೆ ಹುಡುಗ ಅತ್ತಾನೆಂದು ಅವಳೂ ಎತ್ತಿರಲಿಲ್ಲ. ದೊಡ್ಡವ್ವ ಅತ್ತಾಳೆಂದು ಇವನೂ ಕೇಳಿರಲಿಲ್ಲ.

ಅವ್ವ ಒಳಗೆ ಹೋದಳು. ಅಳಲು ಹೋದಳೆಂದುಕೊಂಡೆ. ರಂಗೋಲಿ ಬಟ್ಟಲು ಹಿಡಿದು ಬಂದಳು. ನೆಲಕ್ಕೆ ಕೂತು ಒಂದು ಎಳೆ ಎಳೆದಳು, ಅದರ ಮೇಲೆ ಸಣ್ಣ ಮಾವಿನಕಾಯಿಗಳು, ನಡುನಡುವೆ ಚುಕ್ಕಿ. "ಹಿಂಗಿತ್ತಪ್ಪ" ಎಂದಳು. ಗೋಡೆಯಿಂದ ಗೋಡೆಗೆ ಬರೆಯುತ್ತಲೇ ಹೋದಳು.

ಅವನು ಕೈ ಹಿಂದೆ ಕಟ್ಟಿ, ಪೂರ್ತಿ ನೋಟಕ್ಕೆಂದು ಹಿಂದಕ್ಕೆ ಸರಿದ. ಇನ್ನೂ ಸರಿದ. ಹೊಸ್ತಿಲು ಎಡವದಂತೆ ನಾನು ಅವನ ಬೆನ್ನಿಗೆ ಕೈ ಕೊಟ್ಟು ನಿಂತೆ.