ನಮ್ಮ ಟೀಮು, ನಮ್ಮತ್ತೆ

ಗೆಲ್ಲುವ ಟೀಮನ್ನು ಹಿಡಿದುಕೊಂಡವರ ಬಾಳಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ. ಗೆದ್ದರು, ಮನೆಗೆ ಹೋದರು, ಮುಗಿಯಿತು. ಸೋಲುವ ಟೀಮಿನ ಹಿಂದೆ ಬಿದ್ದವರಿಗೆ ಮಾತ್ರ ವಾರಕ್ಕೊಂದು ಏನಾದರೂ ಆಗುತ್ತಲೇ ಇರುತ್ತದೆ. ನನಗಂತೂ ಹನ್ನೆರಡು ವರ್ಷದಿಂದ ಆಗುತ್ತಿದೆ.

ನಾನು ಮೈಸೂರಿನವಳು, ಈಗ ಇರುವುದು ಲಂಡನ್ನಿನ ಕ್ರೋಯ್ಡನ್ನಿನಲ್ಲಿ, ಕೆಲಸ ಆಸ್ಪತ್ರೆಯ ಫಾರ್ಮಸಿಯಲ್ಲಿ. ಮನೆಯಿಂದ ಟ್ರಾಮಿನಲ್ಲಿ ಇಪ್ಪತ್ತು ನಿಮಿಷ ಹೋದರೆ ಒಂದು ಸಣ್ಣ ಫುಟ್‌ಬಾಲ್ ಗ್ರೌಂಡು ಸಿಗುತ್ತದೆ. ಅಲ್ಲಿ ಆಡುವ ಟೀಮು ನಮ್ಮದು. ಹೆಸರು ಹೇಳುವುದಿಲ್ಲ, ಹೇಳಿದರೆ ಅವರಿಗೂ ಮುಜುಗರ, ನನಗೂ ಮುಜುಗರ. ಸಂಬಳ ತೆಗೆದುಕೊಂಡು ಆಡುವವರೇ, ಆದರೆ ಆಟ ನೋಡಿದರೆ ಹಾಗನ್ನಿಸುವುದಿಲ್ಲ.

ಇಲ್ಲಿ ಫುಟ್‌ಬಾಲಿಗೂ ಶಾಲೆಯ ಹಾಗೆ ಮೇಲಿನ ಕ್ಲಾಸು, ಕೆಳಗಿನ ಕ್ಲಾಸು ಅಂತ ಇದೆ. ವರ್ಷದ ಕೊನೆಗೆ ತಳದಲ್ಲಿ ಉಳಿದವರನ್ನು ಕೆಳಗಿನ ಕ್ಲಾಸಿಗೆ ತಳ್ಳುತ್ತಾರೆ. ಹೋದ ಸೀಸನ್ನಿನಲ್ಲಿ ನಾವು ತಳದಲ್ಲೇ ಇದ್ದೆವು. ಬೀಳುತ್ತೇವೋ ಉಳಿಯುತ್ತೇವೋ ಅನ್ನುವುದೊಂದೇ ಮಾತು. ನನ್ನ ಪಕ್ಕದ ಸೀಟಿನ ಮುದುಕನಿಗೆ ಆ ಚಿಂತೆಯಲ್ಲಿ ನಿದ್ದೆಯೇ ಹತ್ತುತ್ತಿರಲಿಲ್ಲ. ಆತ ರಿಟೈರ್ ಆದ ಬಸ್ ಡ್ರೈವರು, ಎಪ್ಪತ್ತೊಂಬತ್ತು ವಯಸ್ಸು, ಅರವತ್ತು ವರ್ಷದಿಂದ ಅದೇ ಸೀಟು. "ನಾಲ್ಕು ಸಲ ಬಿದ್ದದ್ದು ನೋಡಿದ್ದೇನೆ. ಐದನೆಯದನ್ನು ನೋಡೋ ಶಕ್ತಿ ಇಲ್ಲ" ಅನ್ನುತ್ತಿದ್ದ. ಹಾಗನ್ನುವಾಗ ನಗುತ್ತಿರಲಿಲ್ಲ.

ಡಾಕ್ಟರು ಕೇಳಿದ ಪ್ರಶ್ನೆಗಳು

ಲಂಡನ್ನಿನ ಇನ್ನೊಂದು ತುದಿಯ ಕೆಂಟನ್ನಿನ ಒಂದು ಕಮ್ಯುನಿಟಿ ಹಾಲ್‌ನಲ್ಲಿ ನಮ್ಮವರ ಯುಗಾದಿ ಊಟ. ನನ್ನ ಎದುರಿಗೆ ಕೂತಿದ್ದವರು ಮೈಸೂರಿನ ಹಿರಿಯ ಡಾಕ್ಟರು, ಮೂವತ್ತು ವರ್ಷದಿಂದ ಇಲ್ಲಿಯ ಆಸ್ಪತ್ರೆಯಲ್ಲಿ ಇರುವವರು. ಮಾತು ಫುಟ್‌ಬಾಲಿಗೆ ಬಂತು. ಸುತ್ತ ಇದ್ದವರೆಲ್ಲ ದೊಡ್ಡ ದೊಡ್ಡ ಕ್ಲಬ್ಬುಗಳ ಹೆಸರು ಹೇಳಿದರು, ತಾವೇ ಗೋಲು ಹೊಡೆದ ಹಾಗೆ. "ನಿಮ್ಮದು ಯಾವುದಮ್ಮ?" ಅಂದರು ಡಾಕ್ಟರು. ಹೇಳಿದೆ. ಅವರ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು.

"ಎಷ್ಟು ದಿನದಿಂದ?"

"ಹನ್ನೆರಡು ವರ್ಷ ಆಯ್ತು ಸಾರ್."

"ಹೇಗೆ ಶುರುವಾಯ್ತು?"

"ಜೊತೆಗೆ ಕೆಲಸ ಮಾಡೋವ್ರು ಯಾರೋ ಕರೆದ್ರು. ಒಂದು ಸಲ ನೋಡೋಣ ಅಂತ ಹೋದೆ."

"ಶನಿವಾರ ಮಾತ್ರಾನಾ, ವಾರದ ಮಧ್ಯದಲ್ಲೂ ಇರುತ್ತಾ?"

"ಒಂದೊಂದು ಮಂಗಳವಾರ ಇರುತ್ತೆ."

"ಮನೇಲಿ ಬೇರೆ ಯಾರಿಗಾದ್ರೂ ಇದೆಯಾ?"

"ಇಲ್ಲ ಸಾರ್, ಯಜಮಾನ್ರಿಗೆ ಬರೀ ಕ್ರಿಕೆಟ್ಟು."

ಅವರು ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಇಳಿಸಿದರು. ಆಮೇಲೆ ಬಡಿಸುವವರನ್ನು ಕರೆದು ನನಗೆ ಇನ್ನೊಂದು ಹೋಳಿಗೆ ಹಾಕಿಸಿದರು.

"ಇದಕ್ಕೆ ಔಷಧಿ ಇಲ್ಲಮ್ಮ. ಊಟ ಚೆನ್ನಾಗಿ ಮಾಡಿ, ಅಷ್ಟೇ."

ಯಜಮಾನರು ಹಿಡಿದ ಕ್ಯಾಚು

ಬೇಸಿಗೆಯಲ್ಲಿ ಫುಟ್‌ಬಾಲಿಗೆ ರಜೆ. ಹಾಗೊಂದು ರಜೆಯಲ್ಲಿ ಅಮೆರಿಕದಿಂದ ಎರಡು ಬೇಸ್‌ಬಾಲ್ ಟೀಮುಗಳು ಲಂಡನ್ನಿಗೆ ಬಂದು ಆಡಿದವು. ನಮ್ಮ ಯಜಮಾನರು ಧಾರವಾಡದವರು, ಹೌನ್ಸ್ಲೋದಲ್ಲಿ ಏರ್‌ಪೋರ್ಟಿನ ಪಕ್ಕದ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ. ಅವರ ಆಫೀಸಿನಲ್ಲಿ ಯಾರೋ ಎರಡು ಟಿಕೆಟ್ ಕೊಟ್ಟಿದ್ದರು. "ಬಾ, ಇದು ನಮ್ಮ ಕ್ರಿಕೆಟ್ಟಿನ ತಮ್ಮ. ನಾ ಎಲ್ಲಾ ಹೇಳಿಕೊಡ್ತೀನಿ" ಅಂತ ಕರೆದುಕೊಂಡು ಹೋದರು.

ಮೊದಲ ಒಂದು ಗಂಟೆ ಅವರು ಹೇಳಿಕೊಟ್ಟದ್ದೆಲ್ಲ ತಪ್ಪು. ಅದು ನನಗೆ ಗೊತ್ತಾದದ್ದು ಹಿಂದಿನ ಸಾಲಿನ ಅಮೆರಿಕನ್ ಒಬ್ಬ ಪ್ರತಿ ಸಲ ನಿಟ್ಟುಸಿರು ಬಿಡುತ್ತಿದ್ದದ್ದರಿಂದ. ಆತ ಟೀಮಿನ ಟೋಪಿ ಇಟ್ಟುಕೊಂಡು, ಒಂದು ಕೈಗೆ ದೊಡ್ಡ ಚರ್ಮದ ಗ್ಲೌಸು ಹಾಕಿಕೊಂಡು ಕೂತಿದ್ದ. ಪ್ರೇಕ್ಷಕನಿಗೆ ಗ್ಲೌಸು ಯಾಕೆ ಅಂತ ಯಜಮಾನರು ನಕ್ಕದ್ದೂ ಆಗಿತ್ತು.

ಅಷ್ಟರಲ್ಲಿ ಒಬ್ಬ ಬೀಸಿದ ಹೊಡೆತಕ್ಕೆ ಚೆಂಡು ಆಕಾಶಕ್ಕೆ ಹೋಗಿ ನೇರವಾಗಿ ನಮ್ಮ ಕಡೆಗೇ ಇಳಿಯಿತು. ಯಜಮಾನರು ಎದ್ದು ನಿಂತು, ಎರಡೂ ಕೈ ಎತ್ತಿ, ಹಿಡಿದೇಬಿಟ್ಟರು. ಸುತ್ತಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ದೊಡ್ಡ ಸ್ಕ್ರೀನಿನ ಮೇಲೆ ಇವರದೇ ಮುಖ. ಇವರು ಒಂದು ಕ್ಷಣವೂ ತಡಮಾಡದೆ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಚೆಂಡನ್ನು ಗ್ರೌಂಡಿಗೆ ವಾಪಸ್ ಎಸೆದರು.

ಚಪ್ಪಾಳೆ ನಿಂತುಹೋಯಿತು. ಇಡೀ ಸ್ಟ್ಯಾಂಡು ಇವರನ್ನೇ ನೋಡುತ್ತಿತ್ತು. ಹಿಂದಿನ ಸಾಲಿನವನು ಬಗ್ಗಿ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ, "ಜನರ ಮಧ್ಯೆ ಬಂದ ಚೆಂಡು ಹಿಡಿದವರದ್ದು. ಮನೆಗೆ ತೆಗೆದುಕೊಂಡು ಹೋಗಿ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ನಾನು ನಲವತ್ತು ವರ್ಷದಿಂದ ಈ ಗ್ಲೌಸು ಹಾಕಿಕೊಂಡು ಕೂತಿದ್ದೇನೆ, ಇವತ್ತಿನವರೆಗೂ ಒಂದೂ ಬಂದಿಲ್ಲ."

ಯಜಮಾನರಿಗೆ ನಾಚಿಕೆಯಾಗಿರಬೇಕು ಅಂದುಕೊಂಡೆ. ಮನೆ ಹತ್ತಿರ ಬಂದಾಗ ಬಾಯಿಬಿಟ್ಟರು.

"ನಮ್ಮ ಓಣ್ಯಾಗ ಕಂಪೌಂಡಿನಾಗ ಬಿದ್ದ ಚೆಂಡು ಇಟ್ಕೊಳ್ಳೋ ಮುದುಕ ಒಬ್ಬ ಇದ್ದ. ಅವನ್ನ ಕಂಡ್ರ ಇಡೀ ಓಣಿಗೆ ಆಗ್ತಿದ್ದಿಲ್ಲ. ಅಮೆರಿಕದಾಗ ಎಲ್ಲಾರೂ ಹಂಗೇ ಇದ್ದಾರ ಅಂತ ಇವತ್ತು ಗೊತ್ತಾತು ನೋಡು."

ಎಲೆಯ ಮುಂದೆ ಕೂತವನು

ಹೋದ ಚಳಿಗಾಲದಲ್ಲಿ ಅತ್ತೆ ಧಾರವಾಡದಿಂದ ಬಂದರು, ಆರು ತಿಂಗಳ ವೀಸಾದ ಮೇಲೆ. ಅವರ ಮಗನಿಗೆ ಶನಿವಾರವೂ ಶಿಫ್ಟು. ಮೊದಲನೇ ಶನಿವಾರ ನಾನು ಕೋಟು ಹಾಕಿಕೊಳ್ಳುತ್ತಿದ್ದರೆ ಅತ್ತೆ ಬಾಗಿಲಲ್ಲಿ ಬಂದು ನಿಂತರು. "ನಾ ಒಬ್ಬಾಕೀನೇ ಕೂತು ನಾಕು ಗ್ವಾಡಿ ನೋಡ್ಲೇನು? ನೀ ಎಲ್ಲಿ ಹೋಗ್ತಿ ನಾನೂ ಅಲ್ಲೇ ಬರ್ತೀನಿ."

ಇಳಕಲ್ ಸೀರೆ, ಅದರ ಮೇಲೆ ಎರಡು ಸ್ವೆಟರು, ಅದರ ಮೇಲೆ ಮಗನ ಕೋಟು, ತಲೆಗೆ ಮಫ್ಲರು. ಹಾಗೆ ಹೊರಟರು. ನನ್ನ ಒಂದು ಪಕ್ಕ ಅತ್ತೆ, ಇನ್ನೊಂದು ಪಕ್ಕ ಬಸ್ ಡ್ರೈವರ್ ಮುದುಕ. ಇಪ್ಪತ್ತು ನಿಮಿಷದಲ್ಲಿ ನಮ್ಮವನೊಬ್ಬ ಗೋಲು ಹೊಡೆದ. ಎಲ್ಲರೂ ಕುಣಿದಾಡಿದರು, ಮುದುಕ ಅತ್ತೆಯ ಕೈ ಕುಲುಕಿದ. ಅಷ್ಟರಲ್ಲಿ ಬದಿಯಲ್ಲಿದ್ದ ರೆಫರಿ ಬಾವುಟ ಎತ್ತಿದ. ಆಫ್‌ಸೈಡು, ಗೋಲು ಇಲ್ಲ.

"ಕೊಟ್ಟದ್ದನ್ನ ತಿರುಗಿ ತಗೊಂಡ್ರೇನು?" ಅತ್ತೆ ಕೇಳಿದರು. "ಯಾಕ?"

ಆಫ್‌ಸೈಡನ್ನು ವಿವರಿಸಲು ಹೋಗಿ ಗಂಡ ಹೆಂಡತಿ ಜಗಳವಾಡಿದ್ದನ್ನು ನಾನು ಆ ಸ್ಟ್ಯಾಂಡಿನಲ್ಲೇ ನೋಡಿದ್ದೇನೆ. ಆದರೂ ಹೇಳಿದೆ. "ಚೆಂಡು ಬರೋಕೆ ಮುಂಚೇನೇ ಎಲ್ಲರನ್ನೂ ದಾಟಿ ಮುಂದೆ ಹೋಗಿ ಕಾಯ್ತಾ ನಿಂತಿರಬಾರದು ಅತ್ತೆ."

"ಅಷ್ಟೇನಾ? ಮದಿವಿ ಮನಿ ಯಜಮಾನ್ರು ಕರಿಯೂಕಿಂತ ಮೊದಲ ಪಂಕ್ತ್ಯಾಗ ಎಲಿ ಮುಂದ ಹೋಗಿ ಕೂತಂಗ. ಅದು ತಪ್ಪು. ಎಬ್ಬಿಸಿದ್ದು ಛಲೋ ಆತು."

ಅಲ್ಲಿಂದ ಮುಂದೆ ಅತ್ತೆಯ ಕಣ್ಣು ತಪ್ಪಿಸಿ ಯಾರೂ ಆಫ್‌ಸೈಡು ಹೋಗುವ ಹಾಗಿರಲಿಲ್ಲ. ರೆಫರಿ ಬಾವುಟ ಎತ್ತುವ ಮೊದಲೇ "ಎಲಿ ಮುಂದ ಕೂತ" ಅಂತ ಹೇಳಿಬಿಡುತ್ತಿದ್ದರು. ಒಂದು ಸಲವೂ ತಪ್ಪಲಿಲ್ಲ. ಮುದುಕ ಅದೇನು ಅಂತ ಕೇಳಿದ, ನಾನು ಮದುವೆ ಊಟದ ಪದ್ಧತಿಯನ್ನೆಲ್ಲ ವಿವರಿಸಿದೆ. ಎರಡು ಮ್ಯಾಚು ಆಗುವಷ್ಟರಲ್ಲಿ ಇಡೀ ಸಾಲಿಗೆ ಅದು ಬಾಯಿಪಾಠ. ಎದುರು ಟೀಮಿನವನು ಮುಂದೆ ಓಡಿದರೆ ಸಾಕು, ಕ್ರೋಯ್ಡನ್ನಿನಲ್ಲೇ ಹುಟ್ಟಿ ಬೆಳೆದ ಹನ್ನೆರಡು ಜನ ಇಂಗ್ಲಿಷರು ಎದ್ದು ನಿಂತು ಧಾರವಾಡದ ಕನ್ನಡದಲ್ಲಿ ಅವನನ್ನು ಊಟದಿಂದ ಎಬ್ಬಿಸುತ್ತಿದ್ದರು.

ಪಂಚಾಂಗದಲ್ಲಿ ಇಲ್ಲದ್ದು

ಆ ಮೊದಲ ಮ್ಯಾಚು ನಾವು ಗೆದ್ದೆವು. ಎರಡನೆಯದಕ್ಕೂ ಅತ್ತೆ ಬಂದರು, ಗೆದ್ದೆವು. ಮೂರನೆಯದೂ ಹಾಗೇ. ನಾಲ್ಕನೆಯದಕ್ಕೆ ಅತ್ತೆಗೆ ನೆಗಡಿ, ಮನೆಯಲ್ಲೇ ಉಳಿದರು. ಆ ಮ್ಯಾಚು ಸೋತೆವು, ಅದೂ ಮೂರು ಗೋಲಿನಿಂದ.

ಮೂಢನಂಬಿಕೆ ನಮ್ಮ ಕಡೆಯವರಿಗೆ ಮಾತ್ರ ಅಂದುಕೊಂಡವರು ಇಲ್ಲಿಯ ಫುಟ್‌ಬಾಲ್ ಗ್ರೌಂಡಿಗೆ ಒಂದು ಸಲ ಬರಬೇಕು. ಮುಂದಿನ ಸಾಲಿನವನೊಬ್ಬ ಗೆದ್ದ ದಿನದ ಕಾಲುಚೀಲವನ್ನು ಸೋಲುವವರೆಗೂ ಒಗೆಯುವುದಿಲ್ಲ. ಅಂಥವರ ಕೈಗೆ ಅತ್ತೆ ಸಿಕ್ಕಿಬಿಟ್ಟರು. ಒಬ್ಬ ಮೆತ್ತನೆ ದಿಂಬು ತಂದ, ಇನ್ನೊಬ್ಬಳು ಕಂಬಳಿ. ಹಾಫ್‌ಟೈಮಿನಲ್ಲಿ ಹಾಲು ಸಕ್ಕರೆ ಜಾಸ್ತಿ ಹಾಕಿದ ಟೀ ಕೂತಲ್ಲಿಗೇ ಬರುತ್ತಿತ್ತು. ಆಟ ಶುರುವಾಗುವಾಗ ಅತ್ತೆ ಕಣ್ಣು ಮುಚ್ಚಿ, ಕೈ ಮುಗಿದು, ತುಟಿ ಅಲ್ಲಾಡಿಸುತ್ತಿದ್ದರು. ಆಗ ಸಾಲಿನಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ. ನೆಗಡಿಯಾದ ವಾರ ಮುದುಕ ನನಗೆ ಫೋನು ಮಾಡಿ, ತನ್ನ ಫ್ಯಾಮಿಲಿ ಡಾಕ್ಟರು ಒಳ್ಳೆಯವನು, ಬೇಕಾದರೆ ವಾರಗಟ್ಟಲೆ ಕಾದು ಸಿಕ್ಕ ತನ್ನ ಅಪಾಯಿಂಟ್‌ಮೆಂಟನ್ನೇ ಬಿಟ್ಟುಕೊಡುತ್ತೇನೆ ಅಂದ. ಈ ದೇಶದಲ್ಲಿ ಅದಕ್ಕಿಂತ ದೊಡ್ಡ ತ್ಯಾಗ ಇಲ್ಲ.

ಅತ್ತೆ ಬಂದ ಮ್ಯಾಚುಗಳನ್ನೆಲ್ಲ ಗೆದ್ದರೂ, ಅವರು ಬಾರದ ಹೊರಗಿನ ಗ್ರೌಂಡುಗಳಲ್ಲಿ ಸೋತು ಸೋತು, ಎಲ್ಲ ಬಂದು ಕೊನೆಯ ಮ್ಯಾಚಿಗೆ ನಿಂತಿತು. ಅದು ನಮ್ಮ ಗ್ರೌಂಡಿನಲ್ಲಿ. ಗೆದ್ದರೆ ಉಳಿಯುತ್ತೇವೆ, ಇಲ್ಲದಿದ್ದರೆ ಬೀಳುತ್ತೇವೆ. ಅತ್ತೆಯ ವಿಮಾನ ಅದರ ಹಿಂದಿನ ದಿನ.

ವಿಷಯ ತಿಳಿದ ಮುದುಕ ಸ್ಕಾರ್ಫಿನ ತುದಿ ಹಿಡಿದುಕೊಂಡು ಕೂತ. ನಾನು ಮನೆಗೆ ಬಂದು ಟಿಕೆಟ್ ಒಂದು ವಾರ ಮುಂದೆ ಹಾಕಿಸಿ ಅಂದರೆ ಯಜಮಾನರು ಸಿಟ್ಟಿನಿಂದ ಕುಣಿದರು. "ನಿನಗ ಹುಚ್ಚು, ಸರಿ. ನಮ್ಮವ್ವನ್ನ ಯಾಕ ಅದರಾಗ ಎಳೀತಿ?"

ಅತ್ತೆ ಒಳಗಿನಿಂದಲೇ ಹೇಳಿದರು, "ಅವತ್ತು ಪ್ರಯಾಣಕ್ಕ ದಿನ ಛಲೋ ಇಲ್ಲ."

ಯಜಮಾನರು ಪಂಚಾಂಗ ತೆಗೆದು ತಿಥಿ, ವಾರ, ನಕ್ಷತ್ರ ಎಲ್ಲ ನೋಡಿದರು. "ಅವ್ವಾ, ಇಷ್ಟು ಛಲೋ ದಿನ ಇಡೀ ತಿಂಗಳಾಗ ಇಲ್ಲ."

"ಪಂಚಾಂಗ ಬರದಾವ ಫುಟ್‌ಬಾಲ್ ನೋಡ್ಯಾನೇನು? ಮುಂದ ಹಾಕಸು."

ಕೊನೆಯ ಮ್ಯಾಚು

ಆ ಶನಿವಾರ ನಾವು ಹೋಗುವಷ್ಟರಲ್ಲಿ ಮುದುಕ ಬಂದು ಕೂತಿದ್ದ. ಮುಖ ಬಿಳಿಚಿಕೊಂಡಿತ್ತು. ತಿಂಡಿ ತಿಂದಿಲ್ಲ ಅಂದ. ನನ್ನನ್ನು ದಾಟಿ ಅತ್ತೆಯ ಎರಡೂ ಕೈ ಹಿಡಿದುಕೊಂಡು, "ಇವತ್ತು ಸ್ವಲ್ಪ ಜಾಸ್ತಿ ಬೇಡಿಕೊಳ್ಳಿ ಅಂತ ಹೇಳು" ಅಂದ. ಹೇಳಿದೆ. ಅತ್ತೆ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಆಗಲಿ ಅನ್ನು" ಅಂದರು. ಮಫ್ಲರು ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಐದು ನಿಮಿಷ ತೆರೆಯಲೇ ಇಲ್ಲ. ಆಟ ಶುರುವಾಗಿಹೋಗಿತ್ತು.

ಹತ್ತನೇ ನಿಮಿಷಕ್ಕೆ ಎದುರಿನವರು ಒಂದು ಗೋಲು ಹೊಡೆದರು. ಅರ್ಧ ಗಂಟೆಗೆ ಇನ್ನೊಂದು. ಅತ್ತೆ ಮತ್ತೆ ಕಣ್ಣು ಮುಚ್ಚಿದರು. ಅವರು ಮುಚ್ಚಿದ್ದೇ ತಡ, ನಮ್ಮ ಗೋಲ್‌ಕೀಪರು ಕೈಗೆ ಬಂದ ಚೆಂಡನ್ನು ತಾನೇ ಬಲೆಯೊಳಗೆ ಬಿಟ್ಟುಕೊಂಡ. ಹಾಫ್‌ಟೈಮಿನಲ್ಲಿ ಟೀ ಬಂತು, ಅತ್ತೆ ಮುಟ್ಟಲಿಲ್ಲ, ಕೈ ಮುಗಿದೇ ಕೂತಿದ್ದರು. ಮುಗಿಯುವಷ್ಟರಲ್ಲಿ ಅವರದು ಐದು, ನಮ್ಮದು ಸೊನ್ನೆ. ಹನ್ನೆರಡು ವರ್ಷದಲ್ಲಿ ಅಷ್ಟು ಕೆಟ್ಟದಾಗಿ ಸೋತದ್ದನ್ನು ನಾನು ನೋಡಿರಲಿಲ್ಲ. ನಾವು ಬಿದ್ದೆವು.

ಸ್ಟ್ಯಾಂಡು ಖಾಲಿಯಾಗುತ್ತಿತ್ತು. ಮುದುಕ ಏಳಲಿಲ್ಲ. ನನಗೆ ಅಳು ಬಂತು, ಅತ್ತೆ ಪಕ್ಕದಲ್ಲೇ ಇದ್ದಾರೆ ಅಂತಲೂ ನೋಡದೆ ಅತ್ತುಬಿಟ್ಟೆ. ಅತ್ತೆ ನನ್ನ ಬೆನ್ನು ಸವರುತ್ತಾ ನಿಧಾನವಾಗಿ ಹೇಳಿದರು.

"ನಾ ಏನ್ ಮಾಡ್ಲವಾ? ಇವತ್ತು ಮೊದಲನೇ ಸಲ ನಮ್ಮವರ ಸಲುವಾಗಿ ಬೇಡಿಕೊಂಡಿದ್ದೆ. ಆ ಮುದುಕನ ಮುಖ ನೋಡಿ ಕರುಳು ಚುರ್ರ್ ಅಂತು."

"ಮೊದಲನೇ ಸಲಾನಾ? ಹಾಗಾದ್ರೆ ಇಷ್ಟು ದಿನ?"

"ಇಷ್ಟು ದಿನ ಎದುರಿನವರ ಸಲುವಾಗಿ. ಪಾಪ, ಎಲ್ಲೆಲ್ಲಿಂದಲೋ ಬಸ್ ಮಾಡಿಕೊಂಡು ನಮ್ಮೂರಿಗೆ ಬಂದಿರ್ತಾರ. ಮನಿಗೆ ಬಂದಾವರನ್ನ ಬರಿಗೈಲೆ ಕಳಸಬಾರದು ಅಂತ, ಅವರೇ ಗೆಲ್ಲಲಿ ಅಂತ ಬೇಡಕೋತಿದ್ದೆ. ಪ್ರತಿ ಸಲ ಸೋತೇ ಹೋಗ್ತಿದ್ರು."

ನನ್ನ ಅಳು ಅಲ್ಲೇ ನಿಂತಿತು. ಮುದುಕ ಈ ಕಡೆ ತಿರುಗಿ, "ಏನಂತಾರೆ?" ಅಂತ ಕೇಳಿದ. ಕಣ್ಣು ಕೆಂಪಾಗಿತ್ತು. ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

"ಮುಂದಿನ ವರ್ಷಾನೂ ಬರ್ತಾರಂತೆ," ಅಂದೆ. "ಪ್ರತಿ ಮ್ಯಾಚಿನಲ್ಲೂ ನಮ್ಮ ಟೀಮಿಗೇ ಬೇಡಿಕೊಳ್ತಾರಂತೆ, ಇವತ್ತಿನ ಹಾಗೆ."

ಮುದುಕನ ಮುಖಕ್ಕೆ ರಕ್ತ ತಿರುಗಿ ಬಂತು. ಅತ್ತೆಯ ಕೈ ಹಿಡಿದು ಕುಲುಕುತ್ತಾ, "ಹಾಗಾದರೆ ಇನ್ನೇನು ಭಯ, ಒಂದೇ ವರ್ಷದಲ್ಲಿ ಮೇಲೆ ಬಂದುಬಿಡ್ತೀವಿ" ಅಂದ.